ನಲವತ್ತೈದು ದಾಟಿದ ಮೇಲೆ ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೀಣ್ಯದ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಇದ್ದೆ. 48ನೇ ವಯಸ್ಸಿನಲ್ಲಿ ಕೆಲಸ ಹೋಯಿತು. ಇನ್ನೊಂದು ಸಿಗಲು ಏಳು ತಿಂಗಳು ಹಿಡಿಯಿತು. ಈಗ ಹೊಸ ಕಂಪನಿಯಲ್ಲಿ ಆಗೊಮ್ಮೆ ಈಗೊಮ್ಮೆ ನಾನೇ ಮೇಜಿನ ಆಚೆ ಕೂತು ಸಂದರ್ಶನ ಮಾಡುತ್ತೇನೆ. ಹಾಗಾಗಿ ಎರಡೂ ಕಡೆಯ ಬಿಸಿ ಗೊತ್ತು. ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಪ್ರತಿ ಸಲ ಮೊದಲಿನಿಂದ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಈ ವಯಸ್ಸಿನಲ್ಲಿ ನಿಜವಾಗಲೂ ಕೆಲಸ ಸಿಗುತ್ತಾ?

ಸಿಗುತ್ತದೆ. ಆದರೆ 28ರಲ್ಲಿ ಸಿಕ್ಕ ದಾರಿಯಲ್ಲಿ ಸಿಗುವುದಿಲ್ಲ. ಆಗ ಅರ್ಜಿ ಹಾಕಿದರೆ ಕರೆ ಬರುತ್ತಿತ್ತು. ಈಗ ನಿಮ್ಮ ಕೆಲಸ ಕಣ್ಣಾರೆ ನೋಡಿದ ಯಾರಾದರೂ ಒಬ್ಬರು ಬಾಯಿ ಬಿಡಬೇಕು. ಈ ಪುಟದಲ್ಲಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ, ಬೇರೆ ಬೇರೆ ಪ್ರಶ್ನೆಗಳ ವೇಷದಲ್ಲಿ.

ನಮ್ಮಲ್ಲಿ ಇದು ಹೊಸ ಕಷ್ಟವೇನೂ ಅಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನಲವತ್ತು, ಐವತ್ತು ವರ್ಷದ ಗಂಡಸರು ಒಂದೇ ದಿನದಲ್ಲಿ ಕೆಲಸ ಇಲ್ಲದವರಾದರು. ಭೂಮಿಯೊಳಗೆ ಇಳಿಯುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರೇ ಜಾಸ್ತಿ. ಆ ಊರಿನ ಜನ ಕತ್ತಲಿರುವಾಗಲೇ ಎದ್ದು ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ನಿಲ್ದಾಣಗಳಲ್ಲಿ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬರತೊಡಗಿದರು. ಇವತ್ತಿಗೂ ಆ ರೈಲು ತುಂಬಿಯೇ ಬರುತ್ತದೆ. ಅವರಿಗೆ ಸಿಕ್ಕಿದ್ದೆಲ್ಲ ಒಳ್ಳೆಯ ಕೆಲಸ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನಕ್ಕೆ ಸೆಕ್ಯೂರಿಟಿ ಕೆಲಸವೇ ಗತಿಯಾಯಿತು. ಆದರೆ ‘ಈ ವಯಸ್ಸಿಗೆ ಯಾರು ಕೊಡ್ತಾರೆ’ ಅಂತ ಮನೆಯಲ್ಲಿ ಕೂತಿದ್ದರೆ ಅದೂ ಸಿಗುತ್ತಿರಲಿಲ್ಲ, ಅಲ್ವಾ?

ಕೆಲಸ ಹೋದ ಮೊದಲ ವಾರ ಏನು ಮಾಡಬೇಕು?

ಅರ್ಜಿ ಹಾಕಬೇಡಿ. ಮೊದಲು ಕಾಗದಪತ್ರ ನೋಡಿಕೊಳ್ಳಿ. ಆ ವಾರ ತಲೆ ಸರಿ ಇರುವುದಿಲ್ಲ. ಆಗ ಬರೆದ ರೆಸ್ಯೂಮ್‌ನಲ್ಲಿ ಸಿಟ್ಟು ಕಾಣುತ್ತದೆ.

ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಫಾರಂ 16 ಎಲ್ಲವನ್ನೂ ಕೈಗೆ ತೆಗೆದುಕೊಳ್ಳಿ. ಕಂಪನಿಯ ಇಮೇಲ್ ಮುಚ್ಚುವ ಮುಂಚೆ ಈ ಕಾಗದಗಳನ್ನು ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಕಂಪನಿಯ ದಾಖಲೆಗಳನ್ನಲ್ಲ, ನಿಮ್ಮವನ್ನು ಮಾತ್ರ.

ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ ಬರಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 40,000 ರೂಪಾಯಿ ಮೂಲ ವೇತನ, 19 ವರ್ಷ ಅಂದರೆ ಸುಮಾರು 4,38,460 ರೂಪಾಯಿ. 20 ಲಕ್ಷದವರೆಗೆ ತೆರಿಗೆ ಇಲ್ಲ. ಕೊಡಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ‘ವೇತನ’ ಅಂದರೆ ಏನು ಅನ್ನುವುದೇ ಬದಲಾಗಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೆ ಸೇರಿಸಿಯೇ ಲೆಕ್ಕ ಹಾಕಬೇಕು. ಮೂಲ ವೇತನ ಕಮ್ಮಿ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಯಾಗಿ ಕೊಡುತ್ತಿದ್ದ ಕಂಪನಿಯಲ್ಲಿದ್ದವರು ಇದನ್ನು ಸರಿಯಾಗಿ ನೋಡಿಕೊಳ್ಳಿ. ನಿಗದಿತ ಅವಧಿಯ ಕರಾರಿನ ಮೇಲೆ ಇದ್ದವರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ.

ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ನನ್ನ ಹಳೆಯ ಕಂಪನಿ ಎರಡು ತಿಂಗಳು ಓಡಾಡಿಸಿತು. ಫೋನ್ ಮಾಡಿದರೆ ‘ಅಕೌಂಟ್ಸ್‌ನಲ್ಲಿದೆ ಸರ್’ ಅನ್ನುತ್ತಿದ್ದರು. ಕೊನೆಗೆ ಇಮೇಲ್‌ನಲ್ಲಿ, ದಿನಾಂಕ ಹಾಕಿ, ಬಾಕಿ ಮೊತ್ತ ಬರೆದು ಕೇಳಿದ ಮೇಲೆ ಬಂತು. ಬಾಯಿಮಾತಿಗಿಂತ ಬರಹಕ್ಕೆ ಬೆಲೆ ಜಾಸ್ತಿ.

ಇನ್ನೊಂದು ಮುಖ್ಯ ವಿಷಯ ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದು ಮುಗಿಯುವ ಮುಂಚೆಯೇ ಅದೇ ವಿಮಾ ಕಂಪನಿಗೆ ಬರೆದು, ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಬರುತ್ತದಾ ಕೇಳಿ. ಬಿಪಿ, ಶುಗರ್ ಇದ್ದರೆ, ಹಳೆಯ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಅವಧಿಯ ವಿಷಯದಲ್ಲಿ ಇದರಿಂದ ಲಾಭ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ಮನೆಯಲ್ಲಿ 70 ದಾಟಿದ ತಂದೆ ತಾಯಿ ಇದ್ದರೆ ಆದಾಯ ಎಷ್ಟೇ ಇರಲಿ, ಅವರಿಗೆ ಆಯುಷ್ಮಾನ್ ಕಾರ್ಡ್ ಮಾಡಿಸಬಹುದು. ವರ್ಷಕ್ಕೆ ಐದು ಲಕ್ಷದ ರಕ್ಷಣೆ. ಅವರ ಪಾಲಿಸಿ ಕಟ್ಟುತ್ತಿದ್ದ ಹೊರೆ ಅಷ್ಟಾದರೂ ಇಳಿಯುತ್ತದೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರು, ಅಂದರೆ 21,000 ರೂಪಾಯಿ ಒಳಗಿನ ಸಂಬಳದವರು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಗ್ಗೆ ಹತ್ತಿರದ ಇಎಸ್‌ಐ ಕಚೇರಿಯಲ್ಲಿ ವಿಚಾರಿಸಿ. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟನ್ನು 90 ದಿನದವರೆಗೆ, ಜೀವನದಲ್ಲಿ ಒಂದೇ ಸಲ ಕೊಡುತ್ತಾರೆ. ಈ ಯೋಜನೆಯ ಅವಧಿಯನ್ನು ಆಗಾಗ ಮುಂದುವರಿಸುತ್ತಾ ಬಂದಿದ್ದಾರೆ. ಹಾಗಾಗಿ ಈಗ ಜಾರಿಯಲ್ಲಿದೆಯಾ ಅಂತ ಮೊದಲು ಕೇಳಿ.

ಪಿಎಫ್ ದುಡ್ಡು ತೆಗೆದುಬಿಡಲಾ?

ತೀರಾ ಕಷ್ಟ ಇಲ್ಲದಿದ್ದರೆ ಮುಟ್ಟಬೇಡಿ. ಕಂತು ಬೀಳದಿದ್ದರೂ ನಿಮ್ಮ ವಯಸ್ಸಿನಲ್ಲಿ ಬಡ್ಡಿ ಬೀಳುತ್ತಲೇ ಇರುತ್ತದೆ. 2024-25ಕ್ಕೆ ಬಡ್ಡಿ ಶೇ 8.25 ಇತ್ತು. ಬ್ಯಾಂಕಿನಲ್ಲಿ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ದುಡ್ಡಿಗಿಂತ ದೊಡ್ಡದು ಪಿಎಫ್ ಜೊತೆಗೇ ಇರುವ ಪಿಂಚಣಿ. ಒಟ್ಟು ಹತ್ತು ವರ್ಷ ಸೇವೆ ಆಗಿದ್ದರೆ 58ಕ್ಕೆ ಪಿಂಚಣಿ ಬರುತ್ತದೆ. 50 ಆದ ಮೇಲೆ ಬೇಗನೆ ತೆಗೆದುಕೊಳ್ಳಬಹುದು, ಆದರೆ ಕಮ್ಮಿಯಾದ ಒಂದೊಂದು ವರ್ಷಕ್ಕೂ ಶೇ 4 ಕಡಿತ. ಏಳೆಂಟು ವರ್ಷ ಸೇವೆ ಇದ್ದವರು ‘ಪುಡಿಗಾಸು’ ಅಂತ ಪಿಂಚಣಿ ಭಾಗವನ್ನೂ ಬಿಡಿಸಿಕೊಂಡರೆ ಆ ವರ್ಷಗಳು ಹೋದಂತೆಯೇ. ಅದರ ಬದಲು, ಆ ಸೇವೆಯ ವರ್ಷಗಳನ್ನು ದಾಖಲಿಸಿಡುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಮುಂದಿನ ಕಂಪನಿಯ ವರ್ಷಗಳು ಅದಕ್ಕೆ ಸೇರುತ್ತವೆ. ಹೊಸ ಕಂಪನಿಗೆ ಹಳೆಯ ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರನ್ನೇ ಕೊಡಿ.

ಇನ್ನೂರು ಅರ್ಜಿ ಹಾಕಿದ್ದೇನೆ. ಒಂದು ಉತ್ತರ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ನಾನು ಎಣಿಸಿದ್ದೆ. ಮೊದಲ ಮೂರು ತಿಂಗಳಲ್ಲಿ 160 ಅರ್ಜಿ. ಬಂದ ಕರೆ ನಾಲ್ಕು. ಅದರಲ್ಲಿ ಎರಡು ಇನ್ಶೂರೆನ್ಸ್ ಏಜೆಂಟ್ ಆಗಿ ಅನ್ನುವವು.

ನೌಕ್ರಿ, ಲಿಂಕ್ಡ್‌ಇನ್ ಬಿಡಿ ಅನ್ನುತ್ತಿಲ್ಲ. ಪ್ರೊಫೈಲ್ ಇರಲಿ. ಆದರೆ ಅಲ್ಲಿ ‘5ರಿಂದ 8 ವರ್ಷ ಅನುಭವ’ ಅಂತ ಸೋಸಿ ನೋಡುತ್ತಾರೆ. 25 ವರ್ಷ ಇರುವ ನಿಮ್ಮ ಹೆಸರು ಆ ಪಟ್ಟಿಗೇ ಬರುವುದಿಲ್ಲ. ನಿಮ್ಮನ್ನು ಯಾರೋ ಓದಿ ತಿರಸ್ಕರಿಸಿದರು ಅಂತ ಕೊರಗುತ್ತಿರುತ್ತೀರಿ. ಯಾರೂ ಓದಿಯೇ ಇರುವುದಿಲ್ಲ. ಮೇಜಿನ ಆಚೆ ಕೂತ ಮೇಲೆ ನನಗೆ ಇದು ಗೊತ್ತಾಯಿತು, ಸ್ವಲ್ಪ ಸಮಾಧಾನವೂ ಆಯಿತು.

ದಿನಕ್ಕೆ ಒಂದು ಗಂಟೆ ಪೋರ್ಟಲ್‌ಗೆ ಕೊಡಿ. ಉಳಿದ ಹೊತ್ತು ಮನುಷ್ಯರಿಗೆ ಕೊಡಿ.

ರೆಸ್ಯೂಮ್‌ನಲ್ಲಿ ವಯಸ್ಸು ಬರೆಯಬೇಕಾ?

ಬರೆಯಬೇಕಿಲ್ಲ. ಅಪ್ಪನ ಹೆಸರು, ಮದುವೆ, ಧರ್ಮ, ಪಾಸ್‌ಪೋರ್ಟ್ ನಂಬರ್, ಆಧಾರ್ ನಂಬರ್ ಇವೂ ಬೇಡ. ನಮ್ಮ ಕಾಲದ ಬಯೋಡೇಟಾ ಮದುವೆಯ ಜಾತಕದ ತಮ್ಮನಂತೆ ಇರುತ್ತಿತ್ತು. ಕೊನೆಯಲ್ಲಿ ‘ಈ ಮೇಲಿನದೆಲ್ಲ ಸತ್ಯ’ ಅಂತ ಸಹಿ ಬೇರೆ. ಅದೆಲ್ಲ ತೆಗೆಯಿರಿ. ಎರಡು ಪುಟ ಸಾಕು. ಕೊನೆಯ ಹನ್ನೆರಡು–ಹದಿನೈದು ವರ್ಷ ವಿವರವಾಗಿ, ಅದಕ್ಕಿಂತ ಹಳೆಯದು ಎರಡೇ ಸಾಲು.

ಆದರೆ ಸುಳ್ಳು ಬರೆಯಬೇಡಿ. ಒಂದು ವರ್ಷ ಸಣ್ಣ ಕಡೆ ಕೆಲಸ ಮಾಡಿದ್ದನ್ನು ಮುಚ್ಚಿಟ್ಟರೆ, ಯುಎಎನ್ ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎಲ್ಲ ಕಾಣುತ್ತದೆ. ಆಫರ್ ಲೆಟರ್ ಬಂದ ಮೇಲೆ ಅದು ಹೊರಬಿದ್ದರೆ ಕೆಲಸವೂ ಹೋಯಿತು, ಮಾನವೂ ಹೋಯಿತು.

ಏನು ಬರೆಯಬೇಕು ಅನ್ನುವುದಕ್ಕೆ ನನ್ನದೇ ಉದಾಹರಣೆ. ಮೊದಲು ‘ಪರ್ಚೇಸ್ ವಿಭಾಗದ ಸಕಲ ಜವಾಬ್ದಾರಿಗಳನ್ನು ನಿರ್ವಹಿಸಿದ್ದೇನೆ’ ಅಂತ ಬರೆದಿದ್ದೆ. ಇದನ್ನು ಯಾರು ಬೇಕಾದರೂ ಬರೆಯಬಹುದು. ಆಮೇಲೆ ಹೀಗೆ ಬದಲಾಯಿಸಿದೆ: ‘ಎರಕದ ಬಿಡಿಭಾಗಗಳಿಗೆ ಒಬ್ಬನೇ ಸಪ್ಲೈಯರ್ ಇದ್ದ. ಬೆಳಗಾವಿಯಲ್ಲಿ ಎರಡನೇ ಫೌಂಡ್ರಿ ಹುಡುಕಿ, ಸ್ಯಾಂಪಲ್ ಪಾಸ್ ಮಾಡಿಸಿದೆ. ಮಾಲು ಬರದೆ ಲೈನ್ ನಿಲ್ಲುವುದು ತಪ್ಪಿತು.’ ಎರಡನೆಯದನ್ನು ಓದಿದವರು ಫೋನ್ ಮಾಡಿ ‘ಯಾವ ಫೌಂಡ್ರಿ?’ ಅಂತ ಕೇಳಿದರು. ಮಾತು ಶುರುವಾಯಿತು.

ವಯಸ್ಸು ನೋಡಿ ಬೇಡ ಅನ್ನುವುದು ಕಾನೂನು ಪ್ರಕಾರ ತಪ್ಪಲ್ಲವಾ?

ಖಾಸಗಿ ಕೆಲಸದಲ್ಲಿ ವಯಸ್ಸಿನ ತಾರತಮ್ಯ ಬೇಡ ಅನ್ನುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸದ ಮಾತು ಹೇಳುತ್ತದೆ. ಅದರಲ್ಲಿ ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗ ಇವೆಲ್ಲ ಇವೆ, ವಯಸ್ಸು ಇಲ್ಲ. ಅಮೆರಿಕದಲ್ಲಿ 40 ದಾಟಿದವರನ್ನು ಕಾಯುವ ಕಾನೂನು 1967ರಲ್ಲೇ ಬಂದಿದೆ. ಅಲ್ಲಿರುವ ನಮ್ಮವರನ್ನು ಕೇಳಿದರೆ, ಅಲ್ಲಿ ‘ನಿಮಗೆ ವಯಸ್ಸಾಯಿತು’ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ‘ನಮ್ಮ ತಂಡಕ್ಕೆ ಹೊಂದುವುದಿಲ್ಲ’ ಅನ್ನುತ್ತಾರೆ ಅಂತ ನಗುತ್ತಾರೆ. ಈ ಜಗಳಕ್ಕೆ ಹೋಗಿ ನಿಮ್ಮ ಶಕ್ತಿ ಕಳೆದುಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಾನೂನು ಬರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಅದು ಈ ತಿಂಗಳ ಇಎಂಐ ಕಟ್ಟುವುದಿಲ್ಲ.

ಪರಿಚಯದವರನ್ನು ಕೇಳೋಕೆ ನಾಚಿಕೆ ಆಗುತ್ತೆ. ಕೇಳದೆ ಆಗಲ್ವಾ?

ಆಗಲ್ಲ. ಇದೊಂದು ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ.

ನಾನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಬೆಳಗ್ಗೆ ಎಂದಿನಂತೆ ಶರ್ಟ್ ಇನ್ ಮಾಡಿಕೊಂಡು ಹೊರಡುತ್ತಿದ್ದೆ. ಬಡಾವಣೆಯ ಲೈಬ್ರರಿಯಲ್ಲಿ ಕೂತು ಸಂಜೆ ಬರುತ್ತಿದ್ದೆ. ಹೆಂಡತಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೆ ಗೊತ್ತಿರಲಿಲ್ಲ. ಯಾರಿಗಾಗಿ ಆ ನಾಟಕ ಅಂತ ಈಗ ಅನ್ನಿಸುತ್ತದೆ.

ಮೂರನೇ ತಿಂಗಳು ಒಂದು ಹಳೆಯ ಡೈರಿ ತೆಗೆದೆ. ಹತ್ತೊಂಬತ್ತು ವರ್ಷದಲ್ಲಿ ವ್ಯವಹಾರ ಮಾಡಿದ ಸಪ್ಲೈಯರ್‌ಗಳು, ಸಾಗಣೆಯವರು, ಬೇರೆ ಕಂಪನಿಗೆ ಹೋದ ಹಳೆಯ ಸಹೋದ್ಯೋಗಿಗಳು, ಗುಣಮಟ್ಟ ತಪಾಸಣೆಗೆ ಬರುತ್ತಿದ್ದವರು. ಎಪ್ಪತ್ತು ಹೆಸರು ಬಂದವು. ದಿನಕ್ಕೆ ಮೂರು ಫೋನ್. ‘ಕೆಲಸ ಕೊಡಿಸಿ’ ಅಂತ ಒಬ್ಬರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ಅವರಿಗೆ ಭಾರ. ನಾನು ಹೇಳಿದ್ದು ಇಷ್ಟೇ: ‘ಅಲ್ಲಿಂದ ಬಿಟ್ಟಿದ್ದೀನಿ. ಪರ್ಚೇಸ್, ಸ್ಟೋರ್ಸ್ ಎರಡೂ ನೋಡ್ಕೋತೀನಿ. ಬೊಮ್ಮಸಂದ್ರದ ಕಡೆಯಾದರೂ ಪರವಾಗಿಲ್ಲ. ನಿಮ್ಮ ಕಡೆ ಯಾರಾದರೂ ಇಂಥವರು ಬೇಕು ಅಂದರೆ ನನ್ನ ಹೆಸರು ನೆನಪಿರಲಿ.’ ಒಂದು ನಿಮಿಷದ ಮಾತು.

ಕೆಲಸ ಬಂದದ್ದು ಬೆಳಗಾವಿಯ ಆ ಫೌಂಡ್ರಿಯ ಮಾರ್ಕೆಟಿಂಗ್‌ನವರಿಂದ. ಅವರ ಇನ್ನೊಬ್ಬ ಗಿರಾಕಿ ಕಂಪನಿಯಲ್ಲಿ ಪರ್ಚೇಸ್ ನೋಡುವವರು ಬಿಟ್ಟು ಹೋಗಿದ್ದರು. ಇವರು ಹೇಳಿದರಂತೆ, ‘ಒಬ್ಬರಿದ್ದಾರೆ. ಬಿಲ್ ಯಾವತ್ತೂ ತಡ ಮಾಡ್ತಿರಲಿಲ್ಲ. ಮಾಲು ತಪ್ಪಿದ್ದರೆ ಮುಖದ ಮೇಲೆ ಹೇಳ್ತಿದ್ರು’ ಅಂತ. ನನ್ನ ಮೇಲಧಿಕಾರಿಗಳು ಹತ್ತೊಂಬತ್ತು ವರ್ಷದಲ್ಲಿ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಕೈಕೆಳಗೆ ಕೆಲಸ ಮಾಡಿ ಈಗ ಮೇಲೆ ಹೋಗಿರುವವರನ್ನು ಕೇಳಲು ಮುಜುಗರ ಆಗುತ್ತದೆ. ನಿಜ ಹೇಳಬೇಕೆಂದರೆ ಹೆಚ್ಚು ಸಹಾಯ ಮಾಡುವವರು ಅವರೇ. ನೀವು ಅವರಿಗೆ ಕೆಲಸ ಕಲಿಸಿದ್ದು ಅವರಿಗೆ ನೆನಪಿರುತ್ತದೆ. ನೀವು ಆಗ ಅವರ ಜೊತೆ ಸರಿಯಾಗಿ ನಡೆದುಕೊಂಡಿದ್ದರೆ, ಅನ್ನಿ.

ಸಂದರ್ಶನ ಮಾಡುವವರು ನನ್ನ ಮಗನ ವಯಸ್ಸಿನವರು. ಹೇಗೆ ಮಾತಾಡೋದು?

ಎಲ್ಲರ ಹತ್ತಿರ ಮಾತಾಡಿದ ಹಾಗೆಯೇ. ‘ನಿಮ್ಮ ವಯಸ್ಸಿನ ಮಗ ಇದ್ದಾನೆ ನನಗೆ’ ಅಂತ ಪ್ರೀತಿಯಿಂದ ಹೇಳಿದರೂ ಅವರಿಗೆ ಬೇರೆಯೇ ಕೇಳಿಸುತ್ತದೆ. ‘ನಮ್ಮ ಕಾಲದಲ್ಲಿ’ ಅನ್ನುವ ಮಾತು ನನ್ನ ಮೊದಲ ಸಂದರ್ಶನದಲ್ಲಿ ಮೂರು ಸಲ ಬಂತು. ಮೂರನೇ ಸಲ ಆ ಹುಡುಗಿ ಪೆನ್ನು ಕೆಳಗಿಟ್ಟಳು. ಅಲ್ಲಿಗೆ ಮುಗಿಯಿತು.

ಈಗ ಆ ಕಡೆಯ ಗುಟ್ಟು ಹೇಳುತ್ತೇನೆ. ವಯಸ್ಸಾದವರು ಒಳಗೆ ಬಂದಾಗ ನಮ್ಮ ತಲೆಯಲ್ಲಿ ಓಡುವುದು ನಾಲ್ಕೇ ಅನುಮಾನ. ಇವರು ದುಬಾರಿ ಆಗ್ತಾರಾ? ಚಿಕ್ಕವರು ಹೇಳಿದ್ದನ್ನು ಕೇಳ್ತಾರಾ? ಹೊಸ ಸಾಫ್ಟ್‌ವೇರ್ ಕಲೀತಾರಾ? ಬೇರೆ ಕಡೆ ಹಳೆಯ ಸಂಬಳ ಸಿಕ್ಕರೆ ಮೂರು ತಿಂಗಳಿಗೆ ಬಿಟ್ಟು ಹೋಗ್ತಾರಾ? ಈ ನಾಲ್ಕನ್ನೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದಿದ್ದರೂ ನೀವೇ ಉತ್ತರ ಕೊಡಬೇಕು, ಅದೂ ಘಟನೆಯ ಮೂಲಕ. ‘ನಾನು ಬೇಗ ಕಲೀತೀನಿ’ ಅಂದರೆ ಪ್ರಯೋಜನ ಇಲ್ಲ. ‘2017ರಲ್ಲಿ ಜಿಎಸ್‌ಟಿ ಬಂದಾಗ ನಮ್ಮ ಕಡೆ ಇ-ವೇ ಬಿಲ್ ಕೆಲಸವನ್ನು ಮೊದಲು ಕಲಿತದ್ದು ನಾನು, ಸ್ಟೋರ್ಸ್‌ನವರಿಗೆ ಕಲಿಸಿದ್ದೂ ನಾನೇ’ ಅಂದರೆ ಕಿವಿ ನೆಟ್ಟಗಾಗುತ್ತದೆ. ‘ನನ್ನ ಕೊನೆಯ ಮ್ಯಾನೇಜರ್ ನನಗಿಂತ ಹನ್ನೊಂದು ವರ್ಷ ಚಿಕ್ಕವರು, ನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದೆವು’ ಅಂದರೆ ಎರಡನೇ ಅನುಮಾನ ಅಲ್ಲಿಗೇ ತೀರಿತು.

ಹಳೆಯ ಕಂಪನಿಯನ್ನು ಬಯ್ಯಬೇಡಿ. ಯಾಕೆ ಬಿಟ್ಟಿರಿ ಅಂದರೆ ‘ಆ ಘಟಕವನ್ನು ಸಣ್ಣದು ಮಾಡಿದರು, ನಮ್ಮ ವಿಭಾಗದ ಆರು ಜನ ಹೊರಬಂದೆವು’ ಅಂತ ಒಂದು ವಾಕ್ಯ. ಅಲ್ಲಿಗೆ ನಿಲ್ಲಿಸಿ. ಎರಡನೇ ವಾಕ್ಯದಿಂದ ಗೋಳು ಶುರುವಾಗುತ್ತದೆ.

ವಿಡಿಯೊ ಸಂದರ್ಶನವಾದರೆ ಫೋನನ್ನು ಕೈಯಲ್ಲಿ ಹಿಡಿಯಬೇಡಿ, ನಾಲ್ಕು ಪುಸ್ತಕ ಪೇರಿಸಿ ಕಣ್ಣಿನ ಎತ್ತರಕ್ಕೆ ಇಡಿ. ಹಿಂದಿನ ದಿನ ಮಕ್ಕಳ ಜೊತೆ ಒಮ್ಮೆ ಮಾಡಿ ನೋಡಿ. ನನ್ನದರಲ್ಲಿ ಕುಕ್ಕರ್ ಮೂರು ಸಲ ಕೂಗಿತು. ಅವರೂ ನಕ್ಕರು, ಆದರೆ ಎಲ್ಲರೂ ನಗುವುದಿಲ್ಲ.

ಕಮ್ಮಿ ಸಂಬಳಕ್ಕೆ ಒಪ್ಪಿಕೊಳ್ಳಬೇಕಾ?

ಇದಕ್ಕೆ ಒಂದೇ ಉತ್ತರ ಇಲ್ಲ. ಮನೆಯವರ ಜೊತೆ ಕೂತು, ತಿಂಗಳಿಗೆ ಇಷ್ಟಿಲ್ಲದೆ ಆಗುವುದೇ ಇಲ್ಲ ಅನ್ನುವ ಅಂಕಿ ಒಂದನ್ನು ಬರೆದಿಡಿ. ಮನೆ ಸಾಲ, ಮಕ್ಕಳ ಫೀಸು, ಔಷಧಿ, ದಿನಸಿ. ಹಳೆಯ ಸಂಬಳವನ್ನು ಮರೆತು ಈ ಅಂಕಿಯನ್ನು ಇಟ್ಟುಕೊಂಡು ಮಾತಾಡಿ. ನಾನು ಹಳೆಯದಕ್ಕಿಂತ ಶೇ 22 ಕಮ್ಮಿಗೆ ಸೇರಿದೆ. ಹೊಟ್ಟೆ ಉರಿಯಿತು. ಆದರೆ ಇನ್ನೊಂದು ಆರು ತಿಂಗಳು ಸಂಬಳವೇ ಇಲ್ಲದೆ ಕಾದಿದ್ದರೆ ಆಗುತ್ತಿದ್ದ ನಷ್ಟ ಅದಕ್ಕಿಂತ ಜಾಸ್ತಿ. ಕಾಗದದಲ್ಲಿ ಲೆಕ್ಕ ಹಾಕಿ ನೋಡಿದ ಮೇಲೆ ಉರಿ ಸ್ವಲ್ಪ ಕಮ್ಮಿಯಾಯಿತು.

ಸಂಬಳ ಇಳಿದರೆ ಬೇರೆ ಏನಾದರೂ ಕೇಳಿ. ಅಪ್ಪ ಅಮ್ಮನನ್ನೂ ಸೇರಿಸಿದ ವಿಮೆ, ಆರು ತಿಂಗಳ ನಂತರ ಸಂಬಳ ಪರಿಶೀಲಿಸುತ್ತೇವೆ ಅನ್ನುವ ಮಾತು. ಆ ಮಾತು ಆಫರ್ ಲೆಟರ್‌ನಲ್ಲಿ ಬರಲಿ. ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ, ಸಿಲ್ಕ್ ಬೋರ್ಡ್ ಜಂಕ್ಷನ್ ನೆನೆದೇ ಬೇಡ ಅನ್ನುತ್ತಿದ್ದ ಕೆಲಸಗಳು ಜಯನಗರ, ಬನಶಂಕರಿ ಕಡೆಯವರಿಗೆ ಕೈಗೆಟುಕುವಂತಾಗಿವೆ.

ಹೊಸದಾಗಿ ಏನು ಕಲಿಯಬೇಕು? ಎಐ ಕೋರ್ಸ್ ಮಾಡಲಾ?

ಲಕ್ಷ ರೂಪಾಯಿ ಕಟ್ಟಿ ಪ್ರಮಾಣಪತ್ರ ತರುವ ಮುಂಚೆ ಯೋಚಿಸಿ. ಇಪ್ಪತ್ತೈದರ ಹುಡುಗರು ನಾಲ್ಕು ವರ್ಷದಿಂದ ಮಾಡುತ್ತಿರುವ ಕೆಲಸಕ್ಕೆ ಮೂರು ತಿಂಗಳ ಕೋರ್ಸ್ ಮಾಡಿ ಪೈಪೋಟಿಗೆ ಇಳಿಯುವುದು ಕಷ್ಟ. ನಿಮಗೆ ಗೊತ್ತಿರುವ ಕೆಲಸದ ಪಕ್ಕದಲ್ಲೇ ಹೊಸದಾಗಿ ಬಂದಿರುವುದನ್ನು ಕಲಿಯಿರಿ.

ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಬೇಕಾದ ಜಾಗಗಳನ್ನು ಹುಡುಕಿ. ಅಂಥವು ಈಗ ನಿಜವಾಗಲೂ ಇವೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಸೆಕ್ಷನ್ ನಂಬರ್‌ಗಳೆಲ್ಲ ಬದಲು. ಮೂವತ್ತು ವರ್ಷ ಅಕೌಂಟ್ಸ್ ಮಾಡಿದವರಿಗೂ, ನಿನ್ನೆ ಬಿ.ಕಾಂ ಮುಗಿಸಿದವರಿಗೂ ಅದು ಒಂದೇ ಮೊದಲ ಪುಟ. ಆದರೆ ಹಳೆಯದು ಯಾಕೆ ಹಾಗಿತ್ತು ಅನ್ನುವುದು ನಿಮಗೆ ಮಾತ್ರ ಗೊತ್ತು. ಎಚ್‌ಆರ್‌ನಲ್ಲಿ ಇದ್ದವರಿಗೆ ನಾಲ್ಕು ಕಾರ್ಮಿಕ ಸಂಹಿತೆಗಳದ್ದೂ ಇದೇ ಕಥೆ. ಸಣ್ಣ ಕಾರ್ಖಾನೆಗಳ ಮಾಲೀಕರಿಗೆ ಇದನ್ನು ತಿಳಿಸಿ ಹೇಳುವವರು ಬೇಕಾಗಿದ್ದಾರೆ.

ಮೆಷಿನ್ ಮೇಲೆ ಕೈಯಿಟ್ಟು ಬೆಳೆದವರು ಸರ್ಕಾರದ ಜಿಟಿಟಿಸಿ (ಟೂಲ್ ರೂಮ್ ಮತ್ತು ತರಬೇತಿ) ಕೇಂದ್ರಗಳಲ್ಲಿ ಸಿಎನ್‌ಸಿ, ಕ್ಯಾಡ್ ಅಲ್ಪಾವಧಿ ತರಬೇತಿ ಬಗ್ಗೆ ವಿಚಾರಿಸಿ. ಇನ್ನು ಎಐ ಅಂದರೆ, ಪತ್ರ ಬರೆಸುವುದಕ್ಕೆ, ಎಕ್ಸೆಲ್ ಸೂತ್ರ ಕೇಳುವುದಕ್ಕೆ ಬಳಸುವಷ್ಟು ಗೊತ್ತಿದ್ದರೆ ಈಗಕ್ಕೆ ಸಾಕು. ಅದನ್ನು ಮಗಳು ಒಂದು ಭಾನುವಾರದಲ್ಲಿ ಕಲಿಸುತ್ತಾಳೆ. ಎಕ್ಸೆಲ್ ಮಾತ್ರ ಗಟ್ಟಿ ಇರಲೇಬೇಕು. ಪಿವೋಟ್ ಟೇಬಲ್ ಬರಲ್ಲ ಅಂದಾಗ ಎದುರಿನವರ ಮುಖ ಹೇಗಾಗುತ್ತದೆ ಅಂತ ನಾನು ನೋಡಿದ್ದೇನೆ.

ಸರ್ಕಾರಿ ಕೆಲಸಕ್ಕೆ ಪ್ರಯತ್ನ ಮಾಡಬಹುದಾ?

ರಾಜ್ಯದಲ್ಲಿ ನೇರ ನೇಮಕಾತಿಗೆ ಮೂಲ ನಿಯಮದ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಸಡಿಲಿಕೆ ಕೊಡುತ್ತಾರೆ. ಮಾಜಿ ಸೈನಿಕರು, ವಿಧವೆಯರು, ಅಂಗವಿಕಲರಿಗೆ ಬೇರೆ ಲೆಕ್ಕ. ಉಳಿದವರು ಈ ಬಾಗಿಲು ಮುಚ್ಚಿದೆ ಅಂದುಕೊಂಡು ಮುಂದೆ ಹೋಗುವುದು ಒಳ್ಳೆಯದು.

ಮಕ್ಕಳಿಗಾಗಿ ಹನ್ನೆರಡು ವರ್ಷ ಮನೆಯಲ್ಲಿದ್ದೆ. ನನಗೂ ಇದೆಲ್ಲ ಅನ್ವಯಿಸುತ್ತಾ?

ಅನ್ವಯಿಸುತ್ತದೆ, ಆದರೆ ನಿಮ್ಮ ದಾರಿ ಸ್ವಲ್ಪ ಬೇರೆ. ನನ್ನ ಅತ್ತಿಗೆ 46ಕ್ಕೆ ಮತ್ತೆ ಕೆಲಸಕ್ಕೆ ಹೋದರು. ಅವರನ್ನು ನೋಡಿ ತಿಳಿದದ್ದು ಹೇಳುತ್ತೇನೆ.

ನಡುವಿನ ವರ್ಷಗಳಿಗೆ ಅಲಂಕಾರ ಬೇಡ. ‘2012ರಿಂದ 2024: ಕುಟುಂಬಕ್ಕಾಗಿ ಬಿಡುವು’ ಅಂತ ಒಂದು ಸಾಲು ಬರೆದು ಬಿಡಿ. ಅದರ ಕೆಳಗೆ ಇತ್ತೀಚೆಗೆ ಮಾಡಿದ ಒಂದು ನಿಜವಾದ ಕೆಲಸ ಇರಲಿ, ಸಣ್ಣದಾದರೂ ಸರಿ. ಅತ್ತಿಗೆ ಮೊದಲು ಸೇರಿದ್ದು ಒಬ್ಬ ಆಡಿಟರ್ ಆಫೀಸಿಗೆ, ಬರೀ ನಾಲ್ಕು ತಿಂಗಳಿಗೆ. ಜುಲೈನಿಂದ ಅಕ್ಟೋಬರ್‌ವರೆಗೆ ರಿಟರ್ನ್ಸ್, ಆಡಿಟ್ ಅಂತ ಅಲ್ಲಿ ಕೈ ಸಾಲದೆ ಇರುತ್ತದೆ. ಟ್ಯಾಲಿ ಎಂಟ್ರಿ ಮಾಡುವವರನ್ನು ಮೇ ತಿಂಗಳಲ್ಲೇ ಹುಡುಕಲು ಶುರು ಮಾಡುತ್ತಾರೆ. ಸಂಬಳ ಕಮ್ಮಿ. ಆದರೆ ನಾಲ್ಕು ತಿಂಗಳಾದ ಮೇಲೆ ‘ಹನ್ನೆರಡು ವರ್ಷ ಮನೆಯಲ್ಲಿದ್ದವರು’ ಅನ್ನುವುದು ಹೋಗಿ ‘ಮೊನ್ನೆವರೆಗೂ ಅಲ್ಲಿ ಕೆಲಸ ಮಾಡುತ್ತಿದ್ದವರು’ ಅಂತಾಯಿತು. ಮುಂದಿನ ಕೆಲಸ ಅದೇ ಆಡಿಟರ್ ಹೇಳಿದ ಕಡೆ ಸಿಕ್ಕಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ಇರುವುದರಿಂದ, ಕಮ್ಮಿ ಸಂಬಳದಲ್ಲಿ ಓಡಾಟಕ್ಕೆ ಪಾಲು ಹೋಗಲಿಲ್ಲ. ಸಣ್ಣ ವಿಷಯ ಅಂತ ಅನ್ನಿಸಬಹುದು, ಅವರಿಗೆ ಅಲ್ಲ.

ಕೆಲವು ದೊಡ್ಡ ಕಂಪನಿಗಳು ಬಿಡುವಿನ ನಂತರ ಮರಳುವ ಹೆಂಗಸರಿಗಾಗಿಯೇ ನೇಮಕಾತಿ ಮಾಡುತ್ತವೆ. ಅವುಗಳ ವೆಬ್‌ಸೈಟ್‌ನಲ್ಲಿ ‘ರಿಟರ್ನ್‌ಶಿಪ್’ ಅಂತ ಹುಡುಕಿ.

ಪ್ರತಿಸ್ಪರ್ಧಿ ಕಂಪನಿಗೆ ಹೋಗಲ್ಲ ಅಂತ ಸಹಿ ಹಾಕಿಸಿಕೊಂಡಿದ್ದಾರೆ. ಏನು ಮಾಡಲಿ?

1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೂ ನೀವು ನಿಮ್ಮ ವೃತ್ತಿ ಮಾಡಬಾರದು ಅನ್ನುವ ಷರತ್ತು ನಿಲ್ಲುವುದಿಲ್ಲ. ಆದರೆ ಬೆಲೆಪಟ್ಟಿ, ಡ್ರಾಯಿಂಗ್, ಗಿರಾಕಿಗಳ ಮಾಹಿತಿ ಹೊತ್ತುಕೊಂಡು ಹೋದರೆ ಅದು ಬೇರೆ ತಪ್ಪು. ತಲೆಯಲ್ಲಿರುವ ಅನುಭವ ನಿಮ್ಮದು, ಪೆನ್‌ಡ್ರೈವ್‌ನಲ್ಲಿರುವುದು ಅವರದು.

ಊರಿಗೆ ಹೋಗಿ ತೋಟ ಮಾಡಿಕೊಂಡು ಇದ್ದುಬಿಡಲಾ?

ಕೆಲಸ ಹೋದ ಎರಡನೇ ವಾರ ಎಲ್ಲ ಗಂಡಸರಿಗೂ ಈ ಯೋಚನೆ ಬರುತ್ತದೆ. ನನಗೂ ಬಂದಿತ್ತು. ಊರಲ್ಲಿರುವ ಅಣ್ಣ ಕೇಳಿದ, ‘ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ. ಅಲ್ಲಿವರೆಗೆ ಊಟಕ್ಕೆ ಏನು ಮಾಡ್ತೀಯೋ?’ ಉತ್ತರ ಇರಲಿಲ್ಲ. ಗ್ರಾಚ್ಯುಟಿ ದುಡ್ಡು ಪೂರ್ತಿ ಹಾಕಿ ಹೋಟೆಲ್, ಫ್ರಾಂಚೈಸಿ ಅಂತ ಇಳಿಯುವ ಮುಂಚೆಯೂ ಇದೇ ಪ್ರಶ್ನೆ ಕೇಳಿಕೊಳ್ಳಿ.

ಮುಂಗಡ ಕಟ್ಟಿದರೆ ಕೆಲಸ ಖಾತ್ರಿ ಅನ್ನುತ್ತಿದ್ದಾರೆ. ನಂಬಬಹುದಾ?

ಬೇಡ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಫೀಸು, ಹೆಸರು ಏನೇ ಇರಲಿ, ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳಿದರೆ ಫೋನ್ ಇಡಿ. ಟೆಲಿಗ್ರಾಂನಲ್ಲಿ ಹೋಟೆಲ್‌ಗಳಿಗೆ ರೇಟಿಂಗ್ ಕೊಟ್ಟು ಸಂಪಾದಿಸಿ ಅನ್ನುವುದೂ ಇದೇ ಜಾತಿ. ಮೊದಲು ಇನ್ನೂರು ರೂಪಾಯಿ ಹಾಕುತ್ತಾರೆ, ಆಮೇಲೆ ಎರಡು ಲಕ್ಷ ಎಳೆಯುತ್ತಾರೆ. ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ದುಡ್ಡು ತಡೆಯುವ ಸಾಧ್ಯತೆ ಜಾಸ್ತಿ.

ನನಗೆ 60 ದಾಟಿದೆ. ಇನ್ನೂ ದುಡಿಯುವ ಆಸೆ, ಅಗತ್ಯ ಎರಡೂ ಇದೆ.

ಕೇಂದ್ರ ಸರ್ಕಾರ 2021ರ ಅಕ್ಟೋಬರ್ 1ರಂದು 60 ದಾಟಿದವರಿಗಾಗಿಯೇ ‘ಸೇಕ್ರೆಡ್’ ಅನ್ನುವ ಉದ್ಯೋಗ ಪೋರ್ಟಲ್ ಶುರು ಮಾಡಿತು. ಹೆಸರು ಹಾಕಿಡಿ, ಆದರೆ ಅದೊಂದನ್ನೇ ನಂಬಬೇಡಿ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಹಿರಿಯರಿಗಾಗಿ ಉದ್ಯೋಗ ಮೇಳ ನಡೆಸುತ್ತಾ ಬಂದಿದೆ, ಅಲ್ಲಿ ವಿಚಾರಿಸಿ. ಈ ವಯಸ್ಸಿನಲ್ಲಿ ಪೂರ್ಣಾವಧಿಗಿಂತ ವಾರಕ್ಕೆ ಮೂರು ದಿನದ ಕೆಲಸ ಬೇಗ ಸಿಗುತ್ತದೆ. ಅಪಾರ್ಟ್‌ಮೆಂಟ್ ಸಂಘದ ಲೆಕ್ಕಪತ್ರ, ಶಾಲೆಯ ಆಡಳಿತ, ಸಣ್ಣ ಕಾರ್ಖಾನೆಯ ಸ್ಟೋರ್ಸ್ ಇಂಥವು. ಸೆಕ್ಯೂರಿಟಿ ಏಜೆನ್ಸಿಗಳಲ್ಲಿ ಗಾರ್ಡ್ ಆಗಲು ಕಾನೂನಿನ ವಯೋಮಿತಿ 65. ಎಲ್‌ಐಸಿ ಏಜೆನ್ಸಿಗೆ ಹತ್ತನೇ ತರಗತಿ ಮತ್ತು ಒಂದು ಪರೀಕ್ಷೆ ಸಾಕು. ಆದರೆ ಅದು ಸಂಬಳ ಅಲ್ಲ, ಕಮಿಷನ್. ನೆಂಟರಿಗೆಲ್ಲ ಒಂದೊಂದು ಪಾಲಿಸಿ ಮಾಡಿಸಿದ ಮೇಲೆ ಏನು ಅಂತ ಮೊದಲೇ ಯೋಚಿಸಿ.

ಮದುವೆ ಮನೆಯಲ್ಲಿ ‘ಈಗೆಲ್ಲಿದ್ದೀರಿ?’ ಅಂತ ಕೇಳ್ತಾರೆ. ಏನು ಹೇಳಲಿ?

ನಾನು ಮೊದಲು ‘ಕನ್ಸಲ್ಟಿಂಗ್ ಮಾಡ್ತಿದ್ದೀನಿ’ ಅನ್ನುತ್ತಿದ್ದೆ. ಏನು ಕನ್ಸಲ್ಟಿಂಗ್ ಅಂತ ಮುಂದಿನ ಪ್ರಶ್ನೆ ಬಂದರೆ ಊಟದ ಪಂಕ್ತಿ ಕಡೆ ನಡೆಯುತ್ತಿದ್ದೆ. ಆಮೇಲೆ ನಿಜವನ್ನೇ ಹೇಳಲು ಶುರು ಮಾಡಿದೆ: ‘ಕೆಲಸ ಹುಡುಕ್ತಿದ್ದೀನಿ. ಪರ್ಚೇಸ್ ಕಡೆ ಏನಾದರೂ ಇದ್ದರೆ ಹೇಳಿ.’ ಹತ್ತರಲ್ಲಿ ಏಳು ಜನ ಮಾತು ಬದಲಿಸಿದರು. ಇಬ್ಬರು ಉಪದೇಶ ಮಾಡಿದರು. ಒಬ್ಬರು ಜೇಬಿನಿಂದ ಫೋನ್ ತೆಗೆದು ‘ನಿಮ್ಮ ನಂಬರ್ ಹೇಳಿ’ ಅಂದರು.